ಲಿಮಿಟ್ ಸ್ವಿಚ್‌ನ ಎನ್‌ಸಿ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ದೀಪ ಹಾಕಬೇಡಿ

ನಮಸ್ಕಾರ. ಅಡಿಕೆ ಮೂಟೆಗಳನ್ನು ಅಟ್ಟಕ್ಕೆ ಏರಿಸುವ ಹಾಯ್ಸ್ಟ್‌ನ ಮೇಲ್ತುದಿಯ ಲಿಮಿಟ್ ಸ್ವಿಚ್‌ಗೆ (ಕೊಕ್ಕೆ ತುದಿ ಮುಟ್ಟಿದಾಗ ಮೋಟಾರನ್ನು ನಿಲ್ಲಿಸುವ ಸ್ವಿಚ್) ಸೂಚಕವಾಗಿ ಜೀರೋ ಬಲ್ಬ್ ಸೇರಿಸಿದ ಮೇಲೆ, ಏರಿಸುವ ಗುಂಡಿಯನ್ನು ಒತ್ತಿ ಹಿಡಿದಾಗ ಮೋಟಾರು ಕೆಲವು ಸಲ ನಿಲ್ಲದೆ ಎಳೆಯುತ್ತದೆ, ಆಗ ಬಲ್ಬ್ ಮಂಕಾಗಿ ಉರಿಯುತ್ತದೆ ಎಂದು ಬರೆದಿದ್ದೀರಿ. ನೀವು ಹಾಕಿರುವ ಚಿತ್ರದಲ್ಲಿ ಬಲ್ಬ್‌ನ ಎರಡು ತಂತಿಗಳೂ 21 ಮತ್ತು 22ನೇ ಟರ್ಮಿನಲ್‌ಗಳಿಗೆ ಹೋಗಿವೆ. ದೋಷ ಸ್ವಿಚ್‌ನದಲ್ಲ, ಈ ಜೋಡಣೆಯದು. ಸರಿಪಡಿಸುವವರೆಗೆ ದಯವಿಟ್ಟು ಹಾಯ್ಸ್ಟ್ ಓಡಿಸಬೇಡಿ.

21-22 ಎಂದರೆ ಎನ್‌ಸಿ ಕಾಂಟ್ಯಾಕ್ಟ್, ಅಂದರೆ ಸ್ವಿಚ್ ಒತ್ತದಿರುವಾಗ ಕೂಡಿಕೊಂಡೇ ಇರುವ ಜೋಡಿ. ಕೊಕ್ಕೆ ಮೇಲ್ತುದಿ ಮುಟ್ಟಿದಾಗ ಅದು ತೆರೆದುಕೊಂಡು ಕಾಂಟ್ಯಾಕ್ಟರ್‌ನ (ಕಾಯಿಲ್‌ನ ಕಾಂತಬಲದಿಂದ ಕಚ್ಚಿಕೊಂಡು ಮೋಟಾರಿಗೆ ವಿದ್ಯುತ್ ಕೊಡುವ ಸ್ವಿಚ್) ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ಕಡಿಯಬೇಕು. ಆದರೆ ಈಗ ಕಾಂಟ್ಯಾಕ್ಟ್ ತೆರೆದರೂ ಬಲ್ಬ್‌ನ ಮೂಲಕ ದಾರಿ ಉಳಿದಿರುತ್ತದೆ. ಹೆಸರಿಗೆ ಜೀರೋ ಆದರೂ ಆ ಹಳೆಯ ತಂತಿ ಬಲ್ಬ್ ಸುಮಾರು 15 ವ್ಯಾಟ್ ಎಳೆಯುತ್ತದೆ, ಅಂದರೆ 230 ವೋಲ್ಟ್‌ನಲ್ಲಿ 65 ಮಿಲಿಆಂಪಿಯರ್. ಸಣ್ಣ ಕಾಂಟ್ಯಾಕ್ಟರ್ ಒಮ್ಮೆ ಕಚ್ಚಿಕೊಂಡ ಮೇಲೆ ಹಿಡಿದಿಟ್ಟುಕೊಳ್ಳಲು ಅದಕ್ಕೆ 35ರಿಂದ 45 ಮಿಲಿಆಂಪಿಯರ್ ಸಾಕು. ಜೊತೆಗೆ ತಣ್ಣಗಿರುವ ಫಿಲಮೆಂಟ್‌ನ ರೋಧ ಉರಿಯುವಾಗಿನ ರೋಧದ ಹತ್ತನೇ ಒಂದು ಭಾಗದಷ್ಟೇ ಇರುವುದರಿಂದ, ಕಾಂಟ್ಯಾಕ್ಟ್ ತೆರೆದ ಕ್ಷಣದಲ್ಲಿ ಕಾಯಿಲ್‌ಗೆ ಬಹುತೇಕ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಬಲ್ಬ್ ಮಂಕಾಗಿದ್ದರೆ ಕಾಂಟ್ಯಾಕ್ಟರ್ ಇನ್ನೂ ಕಚ್ಚಿಕೊಂಡೇ ಇದೆ ಎಂದರ್ಥ. ಅದು ಬಿಟ್ಟುಕೊಂಡರೆ ಕಾಯಿಲ್‌ನ ಇಂಪೀಡೆನ್ಸ್ (ಎಸಿ ವಿದ್ಯುತ್ತಿಗೆ ಅದು ಒಡ್ಡುವ ತಡೆ) ತೀರ ಇಳಿದು ಬಲ್ಬ್ ಪ್ರಖರವಾಗಿ ಉರಿಯುತ್ತದೆ. ಲೈನ್ ವೋಲ್ಟೇಜ್ ಇಳಿದಿರುವ ಹೊತ್ತಿನಲ್ಲಿ ಕಾಂಟ್ಯಾಕ್ಟರ್ ಬಿಟ್ಟುಕೊಡಬಹುದು, ಪೂರ್ತಿ ಇರುವಾಗ ಹಿಡಿದುಕೊಂಡಿರಬಹುದು. ‘ಕೆಲವು ಸಲ’ ಎಂಬ ನಿಮ್ಮ ಮಾತಿಗೆ ಕಾರಣ ಇದೇ ಇರಬೇಕು.

ಪರಿಹಾರ ನಿಮ್ಮ ಸ್ವಿಚ್‌ನ ಒಳಗೇ ಇದೆ. 13-14 ಎಂಬ ಎನ್‌ಒ ಜೋಡಿ (ಸ್ವಿಚ್ ಒತ್ತಿದಾಗ ಮಾತ್ರ ಕೂಡುವುದು) ಖಾಲಿ ಇದೆಯಲ್ಲ, ದೀಪವನ್ನು ಅದಕ್ಕೆ ಕೊಡಿ: ಕಂಟ್ರೋಲ್ ಫ್ಯೂಸ್‌ನ ನಂತರ, ಗುಂಡಿಗಿಂತ ಮೊದಲೇ ಫೇಸ್ ತೆಗೆದು 13ಕ್ಕೆ, 14ರಿಂದ ದೀಪಕ್ಕೆ, ದೀಪದಿಂದ ನ್ಯೂಟ್ರಲ್‌ಗೆ. ಹೀಗೆ ಮಾಡಿದರೆ ಗುಂಡಿ ಬಿಟ್ಟ ಮೇಲೂ ಕೊಕ್ಕೆ ಮೇಲಿರುವಷ್ಟು ಹೊತ್ತು ದೀಪ ಉರಿಯುತ್ತದೆ, 21-22 ಕೇವಲ ನಿಲ್ಲಿಸುವ ಕೆಲಸಕ್ಕೆ ಉಳಿಯುತ್ತದೆ. ಎರಡು ಜೋಡಿಗೂ ಒಂದೇ ಫೇಸ್ ಇರಲಿ. ಒಂದೇ ಸ್ವಿಚ್‌ನೊಳಗೆ 230 ವೋಲ್ಟ್ ಮತ್ತು 24 ವೋಲ್ಟ್ ಬೆರೆಸುವುದು ಬೇಡ. 21-22 ಇರಬೇಕಾದದ್ದು ಕಾಯಿಲ್‌ನ ಫೇಸ್ ಬದಿಯಲ್ಲಿ. ನ್ಯೂಟ್ರಲ್ ಬದಿಯಲ್ಲಿದ್ದರೆ, ತಂತಿಯ ಹೊದಿಕೆ ಸವೆದು ಅರ್ತ್ ಆದ ಲೋಹದ ಮೈಗೆ ತಾಗಿದಾಗ ಕಾಯಿಲ್ ಸ್ವಿಚ್ಚನ್ನು ಬಿಟ್ಟು ಅರ್ತ್ ಮೂಲಕವೇ ದಾರಿ ಹುಡುಕಿಕೊಳ್ಳುತ್ತದೆ. ಸ್ನ್ಯಾಪ್ ಆಕ್ಷನ್ (ಟಕ್ಕನೆ ಒಮ್ಮೆಲೇ ಬದಲಾಗುವ ಬಗೆ) ಅಲ್ಲದ ಸ್ವಿಚ್‌ಗಳಲ್ಲಿ ಎನ್‌ಸಿ ತೆರೆದು ಸ್ವಲ್ಪ ಸರಿದ ಮೇಲೆ ಎನ್‌ಒ ಕೂಡುವುದರಿಂದ, ಮೋಟಾರು ನಿಂತರೂ ದೀಪ ಹತ್ತದೇ ಇರಬಹುದು.

ದೀಪ ಒಳಗೇ ಇರುವ ಸ್ವಿಚ್‌ಗಳಲ್ಲಿ ಅದು ಕಾಂಟ್ಯಾಕ್ಟ್‌ಗೆ ಅಡ್ಡಲಾಗಿಯೇ ಇರುತ್ತದಲ್ಲ ಎಂದು ಇಲ್ಲಿ ಇನ್ನೊಬ್ಬರು ಕೇಳಿದ್ದಾರೆ. ಹೌದು, ಆದರೆ ಅಲ್ಲಿರುವುದು ನಿಯಾನ್ ಅಥವಾ ಸಣ್ಣ ಎಲ್‌ಇಡಿ. 220 ಕಿಲೋ ಓಮ್ ರೆಸಿಸ್ಟರ್ ಇರುವ ನಿಯಾನ್ ಒಂದು ಮಿಲಿಆಂಪಿಯರ್ ಕೂಡ ಎಳೆಯುವುದಿಲ್ಲ, ಅಷ್ಟರಿಂದ ಕಾಂಟ್ಯಾಕ್ಟರ್ ಕಚ್ಚಿಕೊಂಡಿರದು.

ಮುಂದೆ 24 ವೋಲ್ಟ್ ಪಿಎಲ್‌ಸಿ (ಸ್ವಿಚ್‌ಗಳನ್ನು ಓದಿ ಯಂತ್ರವನ್ನು ನಡೆಸುವ ಪುಟ್ಟ ಗಣಕ) ಹಾಕುವ ಯೋಚನೆ ಇದೆ ಎಂದಿದ್ದೀರಿ. ಅಲ್ಲಿ ಇದೇ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ. ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ 2.2 ಕಿಲೋ ಓಮ್‌ನೊಂದಿಗೆ ಕೆಂಪು ಎಲ್‌ಇಡಿ ಹಾಕಿದರೆ, ಸುಮಾರು 4.7 ಕಿಲೋ ಓಮ್ ಇರುವ ಇನ್‌ಪುಟ್‌ಗೆ ಕಾಂಟ್ಯಾಕ್ಟ್ ತೆರೆದಿರುವಾಗಲೂ 15 ವೋಲ್ಟ್‌ನಷ್ಟು ಬರುತ್ತದೆ. 5 ವೋಲ್ಟ್‌ಗಿಂತ ಕಡಿಮೆ ಇದ್ದರೆ ಆಫ್, 15ಕ್ಕಿಂತ ಹೆಚ್ಚಿದ್ದರೆ ಆನ್ ಎಂದು ಓದುವ ಇನ್‌ಪುಟ್ ಅದನ್ನು ಆನ್ ಎಂದೇ ತಿಳಿಯಬಹುದು. ಅಲ್ಲಿ ಎಲ್‌ಇಡಿಯನ್ನು 4.7 ಕಿಲೋ ಓಮ್, ಕಾಲು ವ್ಯಾಟ್ ರೆಸಿಸ್ಟರ್‌ನೊಂದಿಗೆ ಇನ್‌ಪುಟ್ ತಂತಿಯಿಂದ ಸೊನ್ನೆ ವೋಲ್ಟ್‌ಗೆ ಸೇರಿಸಿ. ಸ್ವಿಚ್‌ವರೆಗೆ ಒಂದು ತಂತಿ ಹೆಚ್ಚು ಎಳೆಯಬೇಕಾಗುತ್ತದೆ, ಎಳೆಯಿರಿ.

ಕೆಲಸ ಶುರುಮಾಡುವಾಗ ಎಂಸಿಬಿ ಇಳಿಸಿ, ಟೆಸ್ಟರ್ ಅನ್ನು ನೆಚ್ಚದೆ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಬಲ್ಬ್ ಬಿಚ್ಚಿದ ಮೇಲೆ ಕಾಯಿಲ್‌ನ ತಂತಿಯನ್ನೂ ಕಳಚಿ 21-22ರ ನಡುವೆ ಓಮ್ ಅಳೆಯಿರಿ: ಸ್ವಿಚ್‌ನ ತೋಳು ಬಿಡುವಾಗಿದ್ದರೆ ಸೊನ್ನೆಯ ಹತ್ತಿರ, ಒತ್ತಿದರೆ ಪೂರ್ತಿ ಓಪನ್ ತೋರಿಸಬೇಕು. ಒತ್ತಿದಾಗ ಕೆಲವು ನೂರು ಓಮ್ ಬಂದರೆ ಬಲ್ಬ್ ಇನ್ನೂ ಅಲ್ಲೇ ಎಲ್ಲೋ ಸೇರಿಕೊಂಡಿದೆ. ಕೊನೆಗೆ ಎಲ್ಲವನ್ನೂ ಜೋಡಿಸಿ, ಮೂಟೆ ಇಲ್ಲದೆ ಖಾಲಿ ಕೊಕ್ಕೆಯನ್ನು ಏರಿಸುತ್ತಾ, ಅದು ಅರ್ಧ ದಾರಿಯಲ್ಲಿರುವಾಗ ಒಣ ಕೋಲಿನಿಂದ ಸ್ವಿಚ್‌ನ ತೋಳನ್ನು ಒತ್ತಿಸಿ ನೋಡಿ. ಗುಂಡಿ ಒತ್ತಿ ಹಿಡಿದಿದ್ದರೂ ಪ್ರತಿ ಸಲ ಮೋಟಾರು ನಿಲ್ಲಬೇಕು. ಒಂದು ಸಲ ತಪ್ಪಿದರೂ ಮೂಟೆ ಕಟ್ಟಬೇಡಿ.