ಮಾಸ್ತರರು ಟೆಂಟಿನಲ್ಲಿ ಏಕೆ ಕೂರುತ್ತಾರೆ?

ಇಂಡಿ ತಾಲ್ಲೂಕಿನ ಓದುಗರೊಬ್ಬರು, ಊರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಬರೆದಿದ್ದಾರೆ: ‘2023ರ ಮಾರ್ಚ್ 1ರಂದು ನಮ್ಮ ಶಾಲೆಗೆ ಬೀಗ ಬಿದ್ದಿತ್ತು. ಪ್ರತಿ ಚಳಿಗಾಲ ಬೆಳಗಾವಿ ಅಧಿವೇಶನ ಬಂತೆಂದರೆ ಮಾಸ್ತರರು ಧರಣಿಗೆ ಹೊರಡುತ್ತಾರೆ. ತಿಂಗಳಾದರೆ ಸಂಬಳ ಎಣಿಸುವವರಿಗೆ ಮುಷ್ಕರವೇಕೆ? ಕಾನೂನು ಇದನ್ನು ಒಪ್ಪುತ್ತದೆಯೇ?’

ಒಪ್ಪುವುದಿಲ್ಲ. ತಮಿಳುನಾಡು ಸರ್ಕಾರ 2003ರಲ್ಲಿ ಮುಷ್ಕರ ಹೂಡಿದ ಲಕ್ಷಕ್ಕೂ ಹೆಚ್ಚು ನೌಕರರನ್ನು ಮತ್ತು ಶಿಕ್ಷಕರನ್ನು ವಜಾ ಮಾಡಿತು. ಆಗ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕೂ ಇಲ್ಲ, ಶಾಸನದ ಹಕ್ಕೂ ಇಲ್ಲ, ನೈತಿಕ ಹಕ್ಕೂ ಇಲ್ಲ ಎಂದಿತು. ಆದರೆ ನೀವು ಹೇಳುವ ಆ ಮಾರ್ಚ್ 1ರಂದೇ ರಾಜ್ಯ ಸರ್ಕಾರಿ ನೌಕರರಿಗೆ ಮೂಲವೇತನದ ಶೇ 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು, ಅವರ ಮುಷ್ಕರವೂ ನಿಂತಿತು. ಮನವಿಪತ್ರಗಳಿಗೆ ಬಾರದ ಉತ್ತರ ಬೀಗ ಹಾಕಿದ ದಿನ ಬಂದರೆ ಜನ ಯಾವ ದಾರಿ ಹಿಡಿಯುತ್ತಾರೆ, ನೀವೇ ಹೇಳಿ.

ಸಕ್ಕರೆ ಕಾರ್ಖಾನೆಯ ಕಾರ್ಮಿಕನಿಗೆ ತಕರಾರಿದ್ದರೆ ಕಾರ್ಮಿಕ ಇಲಾಖೆ ಎರಡೂ ಕಡೆಯವರನ್ನು ಕರೆದು ಎದುರುಬದುರು ಕೂರಿಸುತ್ತದೆ. ಶಿಕ್ಷಕರಿಗೆ ಆ ಬಾಗಿಲಿಲ್ಲ. ನಮ್ಮ ನೆರೆಯ ಗೋವಾದ ಶಾಲೆಯೊಂದರಿಂದ ವಜಾಗೊಂಡ ಎ. ಸುಂದರಾಂಬಾಳ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲಿ, ಬೋಧನೆ ಉದಾತ್ತ ವೃತ್ತಿ, ಆದ್ದರಿಂದ ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ತೀರ್ಪಿತ್ತಿತು. ಒಬ್ಬರ ಬಡ್ತಿ, ಒಬ್ಬರ ಅಮಾನತ್ತಿನ ತಕರಾರಿಗೆ ಸರ್ಕಾರಿ ನೌಕರರ ಸೇವಾ ವ್ಯಾಜ್ಯ ಕೇಳುವ ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಇದೆ, ಬೆಳಗಾವಿಯಲ್ಲೇ ಅದರ ಪೀಠವಿದೆ. ಎಲ್ಲರಿಗೂ ಸೇರಿದ ಬೇಡಿಕೆಯನ್ನು ಎಲ್ಲಿಗೆ ಒಯ್ಯಬೇಕು? 2006ರ ಏಪ್ರಿಲ್ 1ರಿಂದೀಚೆಗೆ ನೌಕರಿಗೆ ಸೇರಿದವರು ಕಳೆದುಕೊಂಡ ಹಳೆಯ ಪಿಂಚಣಿ ಅಂಥದು. ಒಂದರಿಂದ ಏಳನೆಯ ತರಗತಿಗೆಂದು ನೇಮಕವಾದವರನ್ನು 2017ರ ನಿಯಮಗಳು ಒಂದರಿಂದ ಐದಕ್ಕೆ ಇಳಿಸಿದ್ದೂ ಅಂಥದೇ.

ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಪ್ರತಿನಿಧಿಗಳಿದ್ದಾರಲ್ಲ ಎನ್ನಬಹುದು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೇರಿ ವಾಯವ್ಯ ಶಿಕ್ಷಕರ ಕ್ಷೇತ್ರವೇ ಇದೆ. ಆದರೆ ಸಂವಿಧಾನದ 171ನೆಯ ವಿಧಿಯಂತೆ ಅಲ್ಲಿ ಮತ ಹಾಕುವವರು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದ ಬೋಧಕರು. ನಿಮ್ಮ ಮಗುವಿಗೆ ಅಕ್ಷರ ತಿದ್ದಿಸುವ ಅಕ್ಕೋರಿಗೆ ಆ ಮತವೂ ಇಲ್ಲ. ಈ ಸಂಗತಿ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಅಧಿವೇಶನದ ಹೊತ್ತಿನಲ್ಲಿ ಒಮ್ಮೆ ಸುವರ್ಣ ವಿಧಾನಸೌಧದ ಹತ್ತಿರದ ಟೆಂಟಿಗೆ ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಅತಿಥಿ ಶಿಕ್ಷಕಿಯೊಬ್ಬರು ತೊಡೆಯ ಮೇಲೆ ಮಕ್ಕಳ ಗಣಿತದ ನೋಟ್‌ಬುಕ್ಕುಗಳನ್ನಿಟ್ಟುಕೊಂಡು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ವೇದಿಕೆಯಿಂದ ಘೋಷಣೆ ಬಂದಾಗ ಪೆನ್ನು ಹಿಡಿದ ಕೈಯನ್ನೇ ಎತ್ತುತ್ತಿದ್ದರು. 2025ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,000. ಬೇಸಿಗೆ ರಜೆಗೆ ಅದೂ ಇಲ್ಲ. ನಿಮ್ಮ ‘ಸಂಬಳ ಎಣಿಸುವವರು’ ಎಂಬ ಮಾತು ಇವರಿಗೆ ಸಲ್ಲುವುದಿಲ್ಲ.

ಶಿಕ್ಷಕರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ಪಿಯು ಉಪನ್ಯಾಸಕರು ವೇತನ ತಾರತಮ್ಯ ಕುರಿತ ಕುಮಾರ ನಾಯಕ್ ವರದಿಯ ಜಾರಿಗಾಗಿ ಮೌಲ್ಯಮಾಪನ ಬಹಿಷ್ಕರಿಸಿದಾಗ ಬೇಡಿಕೆ ನ್ಯಾಯವಾದದ್ದಾಗಿತ್ತು, ಆದರೆ ಆತಂಕ ಪಟ್ಟವರು ಮಕ್ಕಳು. ಕಾಯಂ ಶಿಕ್ಷಕರ ಸಂಘಗಳು ಅತಿಥಿ ಶಿಕ್ಷಕರ ಪರವಾಗಿ ಇನ್ನೂ ಗಟ್ಟಿಯಾಗಿ ನಿಲ್ಲಬೇಕಿತ್ತು ಎಂಬುದೂ ನನ್ನ ದೂರು.

ನೀವು ಎಸ್‌ಡಿಎಂಸಿಯಲ್ಲಿದ್ದೀರಿ. ಮುಂದಿನ ಸಭೆಯಲ್ಲಿ ಮುಖ್ಯೋಪಾಧ್ಯಾಯರನ್ನು ಕೇಳಿ: ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿ ಶಿಕ್ಷಕರ ಗೌರವಧನ ಯಾವ ತಿಂಗಳವರೆಗೆ ಬಂದಿದೆ? ಉತ್ತರವನ್ನು ನಮಗೆ ಬರೆದು ಕಳುಹಿಸಿ, ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ