‘ಬರ್ಗ್’ ಎಂಬ ಗುಡ್ಡ

ಕಳೆದ ಸಂಚಿಕೆಯ ಧ್ರುವಪ್ರದೇಶದ ಲೇಖನದಲ್ಲಿ ಒಂದೆಡೆ ‘ಐಸ್‌ಬರ್ಗ್’ ಎಂದೂ ಮತ್ತೊಂದೆಡೆ ಬರಿಯ ‘ಬರ್ಗ್’ ಎಂದೂ ಅಚ್ಚಾಗಿರುವುದನ್ನು ಗುರುತಿಸಿದ ಸವದತ್ತಿಯ ಹಿರಿಯ ಓದುಗರೊಬ್ಬರು, ಈ ಮೊಟಕು ರೂಪದ ಅರ್ಥವೇನು, ಹೈಡೆಲ್‌ಬರ್ಗ್, ಜೋಹಾನ್ಸ್‌ಬರ್ಗ್ ಎಂಬ ಊರ ಹೆಸರುಗಳೊಡನೆ ಅದಕ್ಕೆ ನಂಟಿದೆಯೇ ಎಂದು ಕೇಳಿದ್ದಾರೆ.

ಮಾನ್ಯರೇ,

‘ಬರ್ಗ್’ ಎಂಬುದರಲ್ಲಿ ಮಂಜಿನ ಸುಳಿವೇ ಇಲ್ಲ. ಡಚ್, ಜರ್ಮನ್ ಭಾಷೆಗಳಲ್ಲಿ ಅದಕ್ಕೆ ಬೆಟ್ಟವೆಂದಷ್ಟೇ ಅರ್ಥ. ಮಂಜಿನ ಬೆಟ್ಟ ಎಂಬ ಡಚ್ ಸಮಾಸಪದವು 18ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ, ಪೂರ್ವಪದ ಇಂಗ್ಲಿಷಿನ ‘ಐಸ್’ ಆಯಿತು, ಉತ್ತರಪದ ಇದ್ದಂತೆಯೇ ಉಳಿಯಿತು. ಆಗ ಅದು ಕಡಲಿನಿಂದ ನೋಡುವವರಿಗೆ ಗುಡ್ಡದಂತೆ ತೋರುತ್ತಿದ್ದ ದಡದ ಹಿಮನದಿಯ ಹೆಸರಾಗಿತ್ತು. ಆ ಹಿಮನದಿಯಿಂದ ಕಳಚಿಬಿದ್ದು ತೇಲುವ ತುಂಡಿಗೆ ಹೆಸರು ದಾಟಿದ್ದು ಆಮೇಲೆ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ‘ಐಸ್’ ಕೂಡ ಉದುರಿ, ಬರಿಯ ‘ಬರ್ಗ್’ ಬಳಕೆಗೆ ಬಂತು.

ಸವದತ್ತಿಯವರಾದ ತಮಗೆ ಈ ಬಗೆಯ ಮೊಟಕು ಹೊಸತಲ್ಲ. ನಮ್ಮ ಸೀಮೆಯಲ್ಲಿ ‘ಗುಡ್ಡಕ್ಕ ಹೋಗಿ ಬಂದ್ವಿ’ ಎಂದರೆ ಯಾವ ಗುಡ್ಡವೆಂದು ಯಾರೂ ಕೇಳುವುದಿಲ್ಲ, ಅದು ಯಲ್ಲಮ್ಮನ ಗುಡ್ಡವೇ. ದಕ್ಷಿಣ ಆಫ್ರಿಕಾದವರು ಡ್ರಾಕೆನ್ಸ್‌ಬರ್ಗ್ ಪರ್ವತಸಾಲನ್ನು ಹೀಗೆಯೇ ‘ಬರ್ಗ್’ ಎನ್ನುತ್ತಾರೆ. ಅಲ್ಲಿ ಒಳನಾಡಿನಿಂದ ಕರಾವಳಿಗೆ ಇಳಿಯುವ ಗಾಳಿಗೂ ‘ಬರ್ಗ್ ಗಾಳಿ’ ಎಂದೇ ಹೆಸರು, ಮತ್ತು ಅದು ಒಣ ಬಿಸಿಗಾಳಿ.

ಹೈಡೆಲ್‌ಬರ್ಗ್ ಎಂಬ ಹೆಸರಿನಲ್ಲಿರುವುದು ಬೆಟ್ಟವೆಂಬ ಅರ್ಥದ ಇದೇ ಪದ. ಜೋಹಾನ್ಸ್‌ಬರ್ಗ್‌ನದು ಬೇರೆ ಪದ. ಅದಕ್ಕೆ ಮೊದಲು ಕೋಟೆಯೆಂದೂ ಅನಂತರ ಪಟ್ಟಣವೆಂದೂ ಅರ್ಥ. ಮೂಲದಲ್ಲಿ ಕಾಗುಣಿತ ಬೇರೆಯಾದರೂ ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ಗೊಂದಲ ಸಹಜ. ಆದರೂ ಇವೆರಡೂ ಒಡಹುಟ್ಟುಗಳೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ: ಎತ್ತರವೆಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವೇ ಇವುಗಳ ಬೇರು. ನನಗೆ ತುಂಬ ಸಂತೋಷ ಕೊಟ್ಟ ಸಂಗತಿಯೆಂದರೆ, ಸಂಸ್ಕೃತದ ‘ಬೃಹತ್’ ಕೂಡ ಅದೇ ಬೇರಿನದು. ಆಲಮಟ್ಟಿಯ ಬೃಹತ್ ಅಣೆಕಟ್ಟು ಎಂದು ಬರೆಯುವಾಗಲೆಲ್ಲ ನಾವು ‘ಬರ್ಗ್’ನ ದೂರದ ಬಂಧುವನ್ನೇ ಕರೆಯುತ್ತಿರುತ್ತೇವೆ.

ಇಷ್ಟೆಲ್ಲ ಇದ್ದರೂ ಕನ್ನಡ ಲೇಖನದಲ್ಲಿ ಬರಿಯ ‘ಬರ್ಗ್’ ಬರಬಾರದಿತ್ತು. ಅದನ್ನು ತಿದ್ದದೆ ಬಿಟ್ಟದ್ದು ನನ್ನ ತಪ್ಪು. ‘ಮಂಜುಗಡ್ಡೆ’ಯೂ ಸಾಲದು, ಏಕೆಂದರೆ ಕಡಲ ನೀರೇ ಹೆಪ್ಪುಗಟ್ಟಿದ ಹಾಸುಗಳೂ ಮಂಜುಗಡ್ಡೆಗಳೇ. ಐಸ್‌ಬರ್ಗ್ ಎಂಬುದು ನೆಲದ ಮೇಲಿನ ಹಿಮದಿಂದ ಹುಟ್ಟಿದ ಸಿಹಿನೀರಿನ ಗಡ್ಡೆ. ನೀರಿನಿಂದ 5 ಮೀಟರಿಗಿಂತ ಹೆಚ್ಚು ಮೇಲೆದ್ದರೆ ಮಾತ್ರ ನಾವಿಕರು ಅದನ್ನು ಆ ಹೆಸರಿನಿಂದ ಕರೆಯುತ್ತಾರೆ, ಮತ್ತು ಅದರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರೊಳಗಿರುತ್ತದೆ. ಕನ್ನಡದಲ್ಲಿ ಈಗಾಗಲೇ ಇರುವ ‘ನೀರ್ಗಲ್ಲು’ ಇದಕ್ಕೆ ಒಪ್ಪುವ ಮಾತೆಂದು ನನ್ನ ಅಭಿಪ್ರಾಯ. ಮುಂದಿನ ಸಂಚಿಕೆಯಿಂದ ಅದನ್ನೇ ಬಳಸುತ್ತೇವೆ.

– ಸಂಪಾದಕ, ಬೆಳಗಾವಿ