ಸ್ವಿಸ್ ನೋಟುಗಳ ಬಗ್ಗೆ ಲೇಖನ ಕಳಿಸಿದವರಿಗೆ

ನಮಸ್ಕಾರ.

'ನೋಟಿನ ಮೇಲಿನ ವಿಜ್ಞಾನಿಗಳು' ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಹಳೆಯ ನೋಟಿನ ಬಗ್ಗೆ ಬರೆಯುವವರು ಜಾಸ್ತಿ ಅದರ ಬೆಲೆಯ ಸುತ್ತಲೇ ಸುತ್ತುತ್ತಾರೆ. ನೀವು ನೋಟಿನಲ್ಲಿರುವ ಮನುಷ್ಯರನ್ನು ಕಂಡಿದ್ದೀರಿ. ಅದಕ್ಕೇ ಇಷ್ಟು ಉದ್ದದ ಉತ್ತರ. ಇಂಥದೇ ಲೇಖನ ಬರೆಯಹೊರಟ ಬೇರೆಯವರಿಗೂ ಉಪಯೋಗವಾಗಲಿ ಎಂದು, ನಿಮ್ಮ ಒಪ್ಪಿಗೆಯಿಂದ, ಹೆಸರು ತೆಗೆದು ಪ್ರಕಟಿಸುತ್ತಿದ್ದೇನೆ.

ಲೇಖನ ಓದದವರಿಗಾಗಿ ಎರಡು ಮಾತು. ಸ್ವಿಟ್ಜರ್ಲೆಂಡಿನ ಆರನೇ ಸರಣಿಯ ನೋಟುಗಳು ಬಂದದ್ದು 1976ರಿಂದ 1979ರವರೆಗೆ. 10 ಫ್ರಾಂಕ್‌ನಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. 20ರಲ್ಲಿ ಆಲ್ಪ್ಸ್ ಬೆಟ್ಟಗಳನ್ನು ಹತ್ತಿ ಅಳೆದ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್. 50ರಲ್ಲಿ ಗಿಡ, ಪ್ರಾಣಿಗಳ ಪಂಡಿತ ಕಾನ್ರಾಡ್ ಗೆಸ್ನರ್. 500ರಲ್ಲಿ ವೈದ್ಯ ಮತ್ತು ಕವಿ ಆಲ್‌ಬ್ರೆಕ್ಟ್ ಫಾನ್ ಹಾಲರ್. 1000ದಲ್ಲಿ ಇರುವೆಗಳನ್ನು ಓದಿದ ಓಗುಸ್ತ್ ಫೊರೆಲ್. ಈ ಐವರ ಜೀವನಚರಿತ್ರೆಯನ್ನು ಒಂದರ ಹಿಂದೆ ಒಂದು ಬರೆದು, ನೋಟುಗಳ ಮಾರುಕಟ್ಟೆ ಬೆಲೆ ಕೊಟ್ಟು, ಕೊನೆಗೆ ಅವುಗಳನ್ನು ಜೋಪಾನ ಮಾಡುವ ಬಗೆ ಹೇಳಿದ್ದೀರಿ. ಎಲ್ಲ ಮುಗಿದ ಮೇಲೆ ಒಂದು ಸಾಲು: 'ನನ್ನ ಬಳಿ ಇರುವ 10 ಫ್ರಾಂಕ್ ನೋಟನ್ನು ಬಾಸೆಲ್‌ನಲ್ಲಿ ಕೆಲಸ ಮಾಡುತ್ತಿದ್ದ ಸೋದರಮಾವ ಕೊಟ್ಟರು.'

ನನ್ನ ತಕರಾರು ಇಷ್ಟೇ. ನಿಮ್ಮ ಕೈಯಲ್ಲಿ ಒಂದು ನೋಟಿದೆ. ಇಡೀ ಲೇಖನದಲ್ಲಿ ನೀವು ಅದನ್ನು ಒಮ್ಮೆಯೂ ನೋಡಿಲ್ಲ.

'ಆಯ್ಲರ್ ಜಗತ್ತಿನ ಶ್ರೇಷ್ಠ ಗಣಿತಜ್ಞರಲ್ಲಿ ಒಬ್ಬರು. ಅವರು 1707ರಲ್ಲಿ ಜನಿಸಿದರು. ಗಣಿತಕ್ಕೆ ಅವರ ಕೊಡುಗೆ ಅಪಾರ.' ಇವು ನಿಮ್ಮ ಸಾಲುಗಳು. ಇದರಲ್ಲಿ ತಪ್ಪಿಲ್ಲ. ಆದರೆ ನೋಟನ್ನು ಕಣ್ಣಲ್ಲಿ ಕಾಣದವರೂ ಇದನ್ನು ಬರೆಯಬಹುದು. ಈಗ ನೋಟನ್ನು ಹೊರಗೆ ತೆಗೆದು ಕಿಟಕಿ ಹತ್ತಿರ ಇಟ್ಟುಕೊಳ್ಳಿ. ಆಯ್ಲರ್ ತಲೆಗೆ ಬಟ್ಟೆ ಸುತ್ತಿಕೊಂಡಿದ್ದಾರೆ. ಆ ಮುಖ ಎಮಾನ್ಯುಯೆಲ್ ಹಾಂಡ್‌ಮನ್ ಎಂಬ ಕಲಾವಿದ 1753ರಲ್ಲಿ ಬರೆದ ಚಿತ್ರದ್ದು. ಮೂಲ ಚಿತ್ರ ಬಾಸೆಲ್‌ನಲ್ಲೇ ಇದೆ. ಅದು ಮನೆಯ ಉಡುಪಿನಲ್ಲಿ ಕುಳಿತ ಮನುಷ್ಯನ ಚಿತ್ರ. ಬಲಗಣ್ಣು ಆಗಲೇ ಹೋಗಿತ್ತು, ಚಿತ್ರದಲ್ಲೂ ಅದು ಗೊತ್ತಾಗುತ್ತದೆ. ಮುಂದೆ ಎಡಗಣ್ಣೂ ಹೋಯಿತು. ಆದರೂ ಬಾಯಲ್ಲಿ ಹೇಳಿ, ಮಕ್ಕಳು ಮತ್ತು ಶಿಷ್ಯರಿಂದ ಬರೆಸಿ, ಸಾಯುವವರೆಗೂ ಕೆಲಸ ನಿಲ್ಲಿಸಲಿಲ್ಲ. 'ಕೊಡುಗೆ ಅಪಾರ' ಎಂದು ಬರೆಯುವ ಜಾಗದಲ್ಲಿ ಇದನ್ನು ಬರೆದರೆ ಓದುವವರಿಗೆ ತಾವಾಗಿಯೇ ಹಾಗೆ ಅನಿಸುತ್ತದೆ.

ಇನ್ನು ನೋಟನ್ನು ತಿರುಗಿಸಿ. ಮುಂಬದಿ ಅಡ್ಡಕ್ಕಿದೆ, ಹಿಂಬದಿಯ ಚಿತ್ರ ಉದ್ದಕ್ಕೆ ನಿಂತಿದೆ. ವಿನ್ಯಾಸ ಮಾಡಿದ ಅರ್ನ್ಸ್ಟ್ ಮತ್ತು ಉರ್ಸುಲಾ ಹೀಸ್ಟಾಂಡ್ ದಂಪತಿ ಸರಣಿಯ ಎಲ್ಲ ನೋಟಿನಲ್ಲೂ ಹೀಗೇ ಮಾಡಿದರು. ಇವರ ಹೆಸರು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ, ಸೇರಿಸಿ. ನಿಮ್ಮ ನೋಟಿನ ಹಿಂದೆ ಮೂರು ಸಂಗತಿಗಳಿವೆ: ನೀರಿನ ಟರ್ಬೈನ್, ಸೌರವ್ಯೂಹ, ಮಸೂರಗಳ ಮೂಲಕ ಹಾಯುವ ಬೆಳಕು. ಗಣಿತಜ್ಞನ ನೋಟಿನಲ್ಲಿ ಟರ್ಬೈನ್ ಯಾಕೆ? ನಾನು ಓದುಗನಾಗಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಇದೇ. ಆಯ್ಲರ್ ನೀರಿನ ಚಕ್ರ ಹೇಗಿರಬೇಕು ಎಂದು 1750ರ ದಶಕದಲ್ಲಿ ಲೆಕ್ಕ ಹಾಕಿಟ್ಟಿದ್ದರು. ಆಗ ಅದನ್ನು ಯಾರೂ ಕಟ್ಟಲಿಲ್ಲ. 1944ರಲ್ಲಿ ಜ್ಯೂರಿಕ್‌ನ ಎಂಜಿನಿಯರ್ ಯಾಕೋಬ್ ಆಕೆರೆಟ್ ಆ ಲೆಕ್ಕದಂತೆಯೇ ಒಂದು ಮಾದರಿ ಮಾಡಿ ಓಡಿಸಿ ನೋಡಿದರು. ನೀರಿನ ಶಕ್ತಿಯಲ್ಲಿ ಶೇಕಡಾ 70ಕ್ಕೂ ಹೆಚ್ಚು ಕೆಲಸಕ್ಕೆ ಬಂತು. ಕಾಗದದ ಮೇಲಿನ ಲೆಕ್ಕ ಹೆಚ್ಚುಕಡಿಮೆ ಇನ್ನೂರು ವರ್ಷದ ನಂತರವೂ ಸರಿ ಬಂದದ್ದು ಸಣ್ಣ ಮಾತಲ್ಲ, ಅಲ್ವಾ?

ಇದಕ್ಕಿಂತ ಹತ್ತಿರದ ಸಂಗತಿಯೊಂದು ನಿಮ್ಮ ಲೇಖನದಲ್ಲೇ ಇದೆ. ಮಾವ ಇದ್ದದ್ದು ಬಾಸೆಲ್‌ನಲ್ಲಿ. ಆಯ್ಲರ್ ಹುಟ್ಟಿದ್ದೂ ಬಾಸೆಲ್‌ನಲ್ಲಿ. ಇಪ್ಪತ್ತನೇ ವಯಸ್ಸಿಗೆ ಕೆಲಸಕ್ಕೆಂದು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದವರು ಆಮೇಲೆ ಬರ್ಲಿನ್‌ನಲ್ಲಿದ್ದರು, ಮತ್ತೆ ಪೀಟರ್ಸ್‌ಬರ್ಗ್‌ಗೇ ಹೋಗಿ ಅಲ್ಲೇ ತೀರಿಕೊಂಡರು. ಊರು ಬಿಟ್ಟು ಹೋದವರ ನೋಟು, ಬೇರೆ ಊರಿಂದ ಅಲ್ಲಿಗೆ ಹೋದವರ ಜೇಬಿನಿಂದ ನಿಮ್ಮ ಕೈಗೆ ಬಂದಿದೆ. ಇದನ್ನು ನೀವು ಗಮನಿಸಿದಂತೆ ಕಾಣಲಿಲ್ಲ. ಮಾವನಿಗೆ ಫೋನ್ ಮಾಡಿ. ಆಗ ಹತ್ತು ಫ್ರಾಂಕ್‌ಗೆ ಏನು ಬರುತ್ತಿತ್ತು, ಯಾಕೆ ಇದೊಂದನ್ನು ಖರ್ಚು ಮಾಡದೆ ಉಳಿಸಿಕೊಂಡರು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ಭಾವುಕತೆ ಬೆರೆಸಬೇಡಿ.

ಈಗ ತಪ್ಪುಗಳ ವಿಷಯ. ಇಲ್ಲಿ ನಾನು ಸ್ವಲ್ಪ ಖಡಾಖಂಡಿತವಾಗಿಯೇ ಹೇಳಬೇಕು. ಸಂಗ್ರಹದವರು ಒಂದು ಇಸವಿ ತಪ್ಪಿದರೂ ಉಳಿದದ್ದನ್ನು ನಂಬುವುದಿಲ್ಲ.

ನಿಮ್ಮದು '1976ರ ನೋಟು' ಎಂದಿದ್ದೀರಿ. ಆಗಲು ಸಾಧ್ಯವಿಲ್ಲ. ಸರಣಿ 1976ರಲ್ಲಿ ಶುರುವಾದದ್ದು 100 ಫ್ರಾಂಕ್‌ನಿಂದ. 10 ಫ್ರಾಂಕ್ ಎಲ್ಲಕ್ಕಿಂತ ಕೊನೆಗೆ, 1979ರ ನವೆಂಬರ್‌ನಲ್ಲಿ ಬಂತು. ನೋಟಿನ ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳೇ ಅದರ ವರ್ಷ. 86 ಎಂದಿದ್ದರೆ 1986. ನಿಮ್ಮದನ್ನು ನೋಡಿ ಬರೆಯಿರಿ.

ಸೊಸ್ಯೂರ್ ಮಾಂಟ್ ಬ್ಲಾಂಕ್ ಶಿಖರವನ್ನು ಮೊದಲು ಹತ್ತಿದವರಲ್ಲ. ಹತ್ತುವ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುತ್ತೇನೆಂದು 1760ರಲ್ಲಿ ಸಾರಿದವರು ಅವರು. 1786ರ ಆಗಸ್ಟ್‌ನಲ್ಲಿ ಮೊದಲು ತುದಿ ಮುಟ್ಟಿದವರು ಶಮೊನಿ ಊರಿನ ಜಾಕ್ ಬಾಲ್ಮಾ ಮತ್ತು ಡಾಕ್ಟರ್ ಮಿಶೆಲ್ ಪಕಾರ್. ಸೊಸ್ಯೂರ್ ಹತ್ತಿದ್ದು ಮರುವರ್ಷ. ಮೇಲೆ ಸುಮಾರು ನಾಲ್ಕೂವರೆ ಗಂಟೆ ಇದ್ದರು. ಉಸಿರು ಸಿಗದೆ ಒದ್ದಾಡುತ್ತಲೇ ಗಾಳಿಯ ಒತ್ತಡ ಅಳೆದರು, ನೀರು ಎಷ್ಟು ಬಿಸಿಗೆ ಕುದಿಯುತ್ತದೆ ಎಂದು ನೋಡಿದರು. 'ಮೊದಲಿಗ' ಎನ್ನುವುದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ. ಅವರ ನೋಟಿನಲ್ಲಿರುವ ಉಪಕರಣ ಯಾವುದೆಂದೂ ನೀವು ಹೇಳಿಲ್ಲ. ಅದು ಗಾಳಿಯ ತೇವ ಅಳೆಯುವ ಮಾಪಕ. ಅದರ ಜೀವಾಳ ಮನುಷ್ಯರ ತಲೆಗೂದಲು. ತೇವ ಹೆಚ್ಚಾದರೆ ಕೂದಲು ಒಂಚೂರು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ, ಅದಕ್ಕೆ ತಕ್ಕಂತೆ ಮುಳ್ಳು ತಿರುಗುತ್ತದೆ. ಕೂದಲಿನ ಜಿಡ್ಡು ಹೋಗಲೆಂದು ಮೊದಲು ಅದನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸುತ್ತಿದ್ದರು. ತೇವಕ್ಕೆ ಕೂದಲು ಏನಾಗುತ್ತದೆ ಎಂದು ನಮ್ಮ ಕರಾವಳಿಯ ಓದುಗರಿಗೆ ವಿವರಿಸಬೇಕಾಗಿಯೇ ಇಲ್ಲ.

ಈ ನೋಟುಗಳು '2020ರ ಏಪ್ರಿಲ್ ನಂತರ ಬೆಲೆ ಕಳೆದುಕೊಂಡವು' ಎಂಬುದೂ ತಪ್ಪು. ಹಳೆಯ ಮಾಹಿತಿಯನ್ನೇ ಎತ್ತಿಕೊಂಡವರೆಲ್ಲ ಹೀಗೆ ಬರೆಯುತ್ತಾರೆ. ಸರಣಿಯನ್ನು 2000ದ ಮೇ 1ರಂದು ಹಿಂಪಡೆದರು. ಬದಲಾಯಿಸಿಕೊಳ್ಳಲು ಆಗಿನ ಕಾನೂನಿನಲ್ಲಿ ಇಪ್ಪತ್ತು ವರ್ಷದ ಗಡುವಿತ್ತು. ಆದರೆ 2020ರ ಜನವರಿಯಿಂದ ಆ ಗಡುವನ್ನೇ ತೆಗೆದುಹಾಕಿದರು. ಅಂಗಡಿಯಲ್ಲಿ ಈ ನೋಟು ನಡೆಯುವುದಿಲ್ಲ, ಆದರೆ ಸ್ವಿಸ್ ನ್ಯಾಷನಲ್ ಬ್ಯಾಂಕ್ ಇಂದೂ ಮುಖಬೆಲೆ ಕೊಡುತ್ತದೆ. ಸಂಗ್ರಹಕ್ಕೆ ಇದು ದೊಡ್ಡ ವಿಷಯ. ಎಷ್ಟೇ ಸುಕ್ಕಾದ ಆಯ್ಲರ್ ನೋಟಿಗೂ ಹತ್ತು ಫ್ರಾಂಕ್ ಗ್ಯಾರಂಟಿ. ಅದಕ್ಕಿಂತ ಜಾಸ್ತಿ ಬೆಲೆ ಬರುವುದು ಮಡಿಕೆಯಿಲ್ಲದ, ಚೊಕ್ಕ ನೋಟಿಗೆ. 1956ರಿಂದ ಬಂದ ಐದನೇ ಸರಣಿಗೆ ಈ ಭಾಗ್ಯವಿಲ್ಲ. ಅದರ ಗಡುವು 2000ದಲ್ಲೇ ಮುಗಿಯಿತು. ಅದರ ಬೆಲೆ ಪೂರ್ತಿ ಸಂಗ್ರಹಕಾರರ ಕೈಯಲ್ಲಿದೆ. ಈ ವ್ಯತ್ಯಾಸ ತಿಳಿಯದೆ ಸುಮ್ನೆ ಕೊಳ್ಳುವವರು ಕೈಸುಟ್ಟುಕೊಳ್ಳುತ್ತಾರೆ. ನೀವು ಮಾರಾಟಗಾರರ ಪಟ್ಟಿಯಿಂದ ಕೊಟ್ಟ ಬೆಲೆಗಳನ್ನು ತೆಗೆದು ಇದನ್ನು ಹಾಕಿ. ಜೊತೆಗೆ ಒಂದು ಎಚ್ಚರಿಕೆಯ ಮಾತೂ ಇರಲಿ. ಭಾರತದಲ್ಲಿ ನೆಲೆಸಿರುವವರು ಇಟ್ಟುಕೊಳ್ಳಬಹುದಾದ ವಿದೇಶಿ ನೋಟುಗಳಿಗೆ 2,000 ಡಾಲರ್ ಮಿತಿಯಿದೆ. ಫೊರೆಲ್‌ನ 1000 ಫ್ರಾಂಕ್ ನೋಟು ಒಂದೇ ಆ ಮಿತಿಯ ದೊಡ್ಡ ಪಾಲನ್ನು ನುಂಗಿಬಿಡುತ್ತದೆ.

ಐದನೇ ಸರಣಿಯ ಮಾತು ಬಂತಲ್ಲ, ಅದರ 20 ಫ್ರಾಂಕ್ ನೋಟಿನಲ್ಲಿ ಜನರಲ್ ದ್ಯುಫೂರ್ ಇದ್ದಾರೆ. ಸೇನಾಪತಿ ಎಂದು ನೀವು ಅವರನ್ನು ಬಿಟ್ಟಿರಬೇಕು. ಸ್ವಿಟ್ಜರ್ಲೆಂಡಿನ ಬೆಟ್ಟ, ಕಣಿವೆಗಳನ್ನೆಲ್ಲ ಅಳೆದು ಮೊದಲ ಸಮಗ್ರ ನಕ್ಷೆ ಮಾಡಿಸಿದವರು ಅವರೇ. ಆ ದೇಶದ ಅತಿ ಎತ್ತರದ ಶಿಖರಕ್ಕೆ, 4,634 ಮೀಟರ್, ಅವರದೇ ಹೆಸರಿದೆ. ನಿಮ್ಮ ವಿಷಯಕ್ಕೆ ಅವರು ಬೇಕೇ ಬೇಕು. ಹಾಗೆಯೇ ಆರನೇ ಸರಣಿಯ 100 ಫ್ರಾಂಕ್‌ನಲ್ಲಿರುವ ವಾಸ್ತುಶಿಲ್ಪಿ ಬೊರೊಮಿನಿಯ ಹೆಸರನ್ನೂ ಒಂದು ಸಾಲಿನಲ್ಲಾದರೂ ಹೇಳಿ. 50 ಆದಮೇಲೆ ಸೀದಾ 500ಕ್ಕೆ ಹಾರಿದರೆ ಓದುವವರು ಪುಟ ತಪ್ಪಿತೇನೋ ಎಂದುಕೊಳ್ಳುತ್ತಾರೆ.

ಫೊರೆಲ್ ಬಗ್ಗೆ ಬರೆದ ಭಾಗ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿತು. 'ಮಹಾನ್ ಮಾನವತಾವಾದಿ' ಎಂದು ಬರೆದು ಮುಗಿಸಿದ್ದೀರಿ. ಇರುವೆಗಳ ವಿಷಯದಲ್ಲಿ, ಮಿದುಳಿನ ನರಕೋಶಗಳ ವಿಷಯದಲ್ಲಿ ಅವರ ಕೆಲಸ ನಿಜಕ್ಕೂ ದೊಡ್ಡದು. ಕುಡಿತದ ವಿರುದ್ಧ ಹೋರಾಡಿದ್ದೂ ನಿಜ. ಆದರೆ ಜ್ಯೂರಿಕ್‌ನ ಬುರ್ಗ್‌ಹೋಲ್ಟ್ಸ್‌ಲಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದಾಗ, 'ಒಳ್ಳೆಯ ತಳಿ' ಉಳಿಯಬೇಕೆಂಬ ವಾದದಿಂದ, ರೋಗಿಗಳಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದವರೂ ಅವರೇ. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದಕ್ಕೆ ನಮ್ಮಲ್ಲಿ ಜಾಗವಿಲ್ಲ. ಹೊಗಳಿಕೆಯ ಪಕ್ಕದಲ್ಲೇ ಇದೂ ಬರಲಿ, ಅಡಿಟಿಪ್ಪಣಿಯಲ್ಲಿ ಬೇಡ.

ಫೊರೆಲ್‌ಗೂ ನಮಗೂ ಒಂದು ನಂಟಿದೆ ಎಂಬುದು ನಿಮಗೆ ತಿಳಿದಿರಲಿಕ್ಕಿಲ್ಲ. ಭಾರತ ಮತ್ತು ಸಿಂಹಳದ ಇರುವೆಗಳ ಬಗ್ಗೆ ಅವರು ಬರೆದ ದೀರ್ಘ ಲೇಖನಮಾಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1892ರಿಂದ ಬಂತು. ಆ ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ಎಡ್ವರ್ಡ್ ಏಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರರು, ಕಾರವಾರದ ಕಡೆ ಇದ್ದವರು. ಒಂದು ಇರುವೆಗೆ ಫೊರೆಲ್ ಈ ಏಟ್ಕನ್ ಹೆಸರನ್ನೇ ಇಟ್ಟರು: ಟೆಟ್ರಪೊನೆರ ಏಟ್ಕೆನಿ. 1000 ಫ್ರಾಂಕ್ ನೋಟಿನ ಹಿಂದೆ ದೊಡ್ಡದಾಗಿ ಮೂರು ಇರುವೆಗಳಿವೆ. ಕನ್ನಡದ ಓದುಗರಿಗೆ ಆ ನೋಟಿನೊಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ತೋಚುವುದಿಲ್ಲ.

ಗೆಸ್ನರ್, ಹಾಲರ್ ಬಗ್ಗೆ ಜಾಸ್ತಿ ಹೇಳಲಾರೆ. ಇಬ್ಬರನ್ನೂ ಒಂದೊಂದು ಪ್ಯಾರಾಕ್ಕೆ ಇಳಿಸಿ. ಗೆಸ್ನರ್ ನೋಟಿನ ಹಿಂದಿರುವ ಕೊಂಬಿನ ಗೂಬೆಯನ್ನು ಮಾತ್ರ ಬಿಡಬೇಡಿ. ಗೂಬೆ ಕೂತ ಮನೆಗೆ ಶಾಂತಿ ಮಾಡಿಸುವ ನಾಡಿನಲ್ಲಿ, ದುಡ್ಡಿನ ಮೇಲೇ ಗೂಬೆ ಕೂತಿದೆ ಎಂದರೆ ಓದುಗರು ಖಂಡಿತ ನಿಂತು ನೋಡುತ್ತಾರೆ.

ಜೋಪಾನದ ಭಾಗದಲ್ಲಿ ಒಂದು ಸಾಲನ್ನು ಇವತ್ತೇ ಹೊಡೆದುಹಾಕಿ: 'ಲ್ಯಾಮಿನೇಷನ್ ಮಾಡಿಸಿದರೆ ನೋಟು ಬಹುಕಾಲ ಬಾಳುತ್ತದೆ.' ಲ್ಯಾಮಿನೇಷನ್ ಮಾಡಿಸಿದರೆ ಸಂಗ್ರಹದ ಲೆಕ್ಕದಲ್ಲಿ ಆ ನೋಟು ಸತ್ತಂತೆ. ಬಿಸಿಗೆ ಕಾಗದ ಚಪ್ಪಟೆಯಾಗುತ್ತದೆ, ಅಂಟು ಮತ್ತೆ ಬಿಡುವುದಿಲ್ಲ. ಒಳ್ಳೆಯ ನೋಟಿನಲ್ಲಿ ಮುಖದ ಗೆರೆಗಳು ಬೆರಳಿಗೆ ಉಬ್ಬುಬ್ಬಾಗಿ ಸಿಗಬೇಕು. ಇಸ್ತ್ರಿ ಹಾಕಿದರೂ, ತೊಳೆದರೂ ಅದು ಹೋಗುತ್ತದೆ. ಪಿವಿಸಿ ಕವರ್ ಕೂಡ ಬೇಡ, ಕಾಲ ಕಳೆದಂತೆ ಅದು ಜಿಡ್ಡು ಬಿಡುತ್ತದೆ. ಪಾಲಿಯೆಸ್ಟರ್ ಕವರ್‌ನಲ್ಲಿ ಮಡಿಸದೆ ಇಟ್ಟು, ಮಳೆಗಾಲದಲ್ಲಿ ಪೆಟ್ಟಿಗೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಎಂದು ಬರೆದರೆ ಸಾಕು.

ಮತ್ತೆ ಬರೆಯುವಾಗ ಅರ್ಧ ಲೇಖನ ನಿಮ್ಮ ಆಯ್ಲರ್ ನೋಟಿಗೇ ಇರಲಿ. ಅಲ್ಲಿಂದ ಸೊಸ್ಯೂರ್, ಫೊರೆಲ್, ದ್ಯುಫೂರ್ ಕಡೆ ಹೋಗಿ. ಅಳತೆಯ ವಿಷಯವನ್ನೂ ಸೇರಿಸಬಹುದು. 10 ಫ್ರಾಂಕ್ ನೋಟಿನ ಉದ್ದ 137 ಮಿಲಿಮೀಟರ್. ಮುಂದಿನ ಪ್ರತಿ ನೋಟೂ ಹಿಂದಿನದಕ್ಕಿಂತ ಉದ್ದದಲ್ಲಿ 11, ಅಗಲದಲ್ಲಿ 4 ಮಿಲಿಮೀಟರ್ ಹೆಚ್ಚು. ಕಣ್ಣು ಕಾಣದವರಿಗೂ ಈ ವ್ಯತ್ಯಾಸ ಕೈಗೆ ಸಿಗುತ್ತದೆ. ಆಯ್ಲರ್ ಕುರಿತ ಬರಹದಲ್ಲಿ ಇದು ಎಲ್ಲಿ ಬರಬೇಕು ಎಂದು ನಿಮಗೇ ಹೊಳೆಯುತ್ತದೆ.

ಎರಡು ತಿಂಗಳು ತೆಗೆದುಕೊಳ್ಳಿ, ಅವಸರವಿಲ್ಲ. ಹೊಸ ಪ್ರತಿಯನ್ನು ನಾನೇ ಓದುತ್ತೇನೆ. ಫೋಟೊ ನಿಮ್ಮ ನೋಟಿನದೇ ಆಗಿರಲಿ, ಸುಕ್ಕಿದ್ದರೂ ಚಿಂತೆಯಿಲ್ಲ. ಫ್ಲ್ಯಾಶ್ ಹಾಕದೆ, ಬೆಳಗಿನ ಬೆಳಕಿನಲ್ಲಿ ಎರಡೂ ಬದಿ ತೆಗೆಯಿರಿ. ಹಿಂಬದಿಯದನ್ನು ಉದ್ದಕ್ಕೆ ನಿಲ್ಲಿಸಿಯೇ ಕಳಿಸಿ, ಪುಟದಲ್ಲೂ ಹಾಗೇ ಹಾಕುತ್ತೇವೆ.